ಒಂದು ಬಿರುಕು, ನಾಲ್ಕು ಅಳತೆ

ರಜೆಯ ಅರ್ಜಿಯಲ್ಲಿ ‘ಕಾರಣ’ ಎಂಬಲ್ಲಿ ಒಂದೂವರೆ ಸಾಲಿನಷ್ಟು ಜಾಗ ಬಿಟ್ಟಿದ್ದರು. ಮೂರು ವರ್ಷ ಒಂದೇ ಗೋಡೆಯನ್ನು ನೋಡುತ್ತ ಕಳೆದವಳಿಗೆ ಅದೇ ಹೆಚ್ಚಾಯಿತು. ‘ತಾಯಿಯ ಬಲಗೈ ಮಣಿಕಟ್ಟು ಮುರಿದಿದೆ, ಅಂಗಡಿ ನೋಡಿಕೊಳ್ಳಬೇಕು’ ಎಂದು ಬರೆದಳು. ಉಳಿದ ಅರ್ಧ ಸಾಲಿನಲ್ಲಿ ಏನು ಬರೆಯುವುದೆಂದು ತೋಚದೆ ಒಂದು ಗೆರೆ ಎಳೆದಳು. ಗೆರೆ ನೇರವಾಗಿತ್ತು. ಅವಳು ಎಳೆದ ಗೆರೆಗಳೆಲ್ಲ, ಪಟ್ಟಿ ಇಟ್ಟುಕೊಳ್ಳದೆಯೂ, ನೇರವಾಗಿಯೇ ಇರುತ್ತಿದ್ದವು.

ವಿಭಾಗದಲ್ಲಿ ಅವಳನ್ನು ಬಿರುಕಮ್ಮ ಎನ್ನುತ್ತಿದ್ದರು. ಕಟ್ಟಡ ಕಟ್ಟುವುದನ್ನು ಕಲಿಸುವ ವಿಭಾಗ ಅದು. ಅಲ್ಲಿ ಡಾಕ್ಟರೇಟಿಗೆ ಸೇರಿದ ಮಿಕ್ಕವರು ಹೊಸ ಸೇತುವೆ, ಹೊಸ ಕಾಂಕ್ರೀಟು ಎಂದು ಓಡಾಡುತ್ತಿದ್ದರೆ, ಇವಳು ವಿಭಾಗದ ಸ್ವಂತ ಕಟ್ಟಡದ ಹಿಂದಿನ ಮೆಟ್ಟಿಲ ಗೋಡೆಯಲ್ಲಿ ಬಿಟ್ಟಿದ್ದ ಬಿರುಕನ್ನು ಹಿಡಿದು ಕೂತಿದ್ದಳು. ಕಟ್ಟುವುದನ್ನು ಕಲಿಸುವವರ ಗೋಡೆಯೇ ಬಿರುಕು ಬಿಟ್ಟಿದೆ ಎಂದು ಅಲ್ಲಿ ಯಾರೂ ನಗುತ್ತಿರಲಿಲ್ಲ. ದಿನಾ ಅದರ ಪಕ್ಕದಲ್ಲೇ ಹತ್ತಿ ಇಳಿಯುವವರಿಗೆ ನಗು ಬರುವುದು ಕಷ್ಟ.

ಕೆಲಸ ಕೇಳುವುದಕ್ಕೆ ಸುಲಭ. ಬಿರುಕಿನ ಆಚೆ ಒಂದು, ಈಚೆ ಒಂದು ಉಕ್ಕಿನ ಮೊಳೆ. ದಿನಾ ಬೆಳಿಗ್ಗೆ ಎಂಟಕ್ಕೆ ಸ್ಟೂಲು ಹತ್ತಿ, ಎರಡು ಮೊಳೆಗಳ ನಡುವಿನ ದೂರವನ್ನು ವರ್ನಿಯರ್‌ನಿಂದ ಅಳೆದು ಬರೆಯಬೇಕು. ಬಿರುಕು ಬೆಳೆಯುತ್ತಿದೆಯೋ, ಮಲಗಿದೆಯೋ, ನಾಲ್ಕು ವರ್ಷದ ಅಳತೆ ಒಟ್ಟಿಗಿಟ್ಟು ನೋಡಿದರೆ ತಿಳಿಯುತ್ತದೆ. ಮೂರು ವರ್ಷ ಮುಗಿದಿತ್ತು. ಹಬ್ಬ, ಹುಣ್ಣಿಮೆ, ಮಳೆ, ನೆಗಡಿ ಯಾವುದನ್ನೂ ಲೆಕ್ಕಿಸದೆ ಅವಳು ಒಂದು ಸಾವಿರಕ್ಕೂ ಹೆಚ್ಚು ಸಲ ಆ ಸ್ಟೂಲು ಹತ್ತಿದ್ದಳು. ಅಷ್ಟೂ ದಿನಕ್ಕೆ ಬಿರುಕು ಅಗಲವಾದದ್ದು ಒಂದು ಅಕ್ಕಿಕಾಳಿನ ದಪ್ಪದಷ್ಟೂ ಇರಲಿಲ್ಲ. ಇದನ್ನು ಅವಳು ಯಾರಾದರೂ ಕೇಳಿದರೆ ಬಹಳ ಖುಷಿಯಿಂದ ಹೇಳುತ್ತಿದ್ದಳು. ಕೇಳಿದವರು ಮತ್ತೊಮ್ಮೆ ಕೇಳುತ್ತಿರಲಿಲ್ಲ.

ಗೈಡ್ ಒಂದು ನಿಯಮ ಮಾಡಿದ್ದರು. ಏಳು ದಿನ ಸತತವಾಗಿ ಅಳತೆ ತಪ್ಪಿದರೆ ಅಲ್ಲಿಯವರೆಗಿನದು ಸತ್ತಂತೆ, ಮತ್ತೆ ಮೊದಲಿನಿಂದ ಶುರು. ಅವರ ನಿಯಮಗಳಿಗೆ ವಿನಾಯಿತಿ ಇರಲಿಲ್ಲ. ಅವರ ಕೋಣೆಯ ಬೀರುವಿನ ಮೇಲೆ ಮೂರು ರಟ್ಟಿನ ಪೆಟ್ಟಿಗೆಗಳಿದ್ದವು. ‘ಒಂದೇ ವರ್ಷ ಸರ್, ಬಂದುಬಿಡ್ತೀನಿ’ ಎಂದು ರಜೆ ಹಾಕಿ ಹೋದ ಮೂವರ ಕಾಗದಪತ್ರ ಅವು. ಮೂವರೂ ಬಂದಿರಲಿಲ್ಲ. ಒಬ್ಬಾತ ಹೋಗಿ ಹನ್ನೊಂದು ವರ್ಷವಾಗಿ, ಅವನ ಪೆಟ್ಟಿಗೆಯ ಮೇಲೆ ಹಲ್ಲಿ ಸಂಸಾರ ಹೂಡಿತ್ತು.

ಇಂಥ ಹೊತ್ತಿನಲ್ಲಿ ಅಮ್ಮ ಸ್ಕೂಟರಿನಿಂದ ಬಿದ್ದರು.

ಅಮ್ಮ ಟೈಲರು. ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವುದರಲ್ಲಿ ಹೆಸರು ಮಾಡಿದವರು. ಅಪ್ಪ ಲಾರಿ ಓಡಿಸುತ್ತ ತಿಂಗಳಿಗೆ ಎರಡು ದಿನ ಮನೆಯಲ್ಲಿರುತ್ತಿದ್ದರು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಆ ಎರಡು ದಿನ ಮುಗಿಯುತ್ತಿತ್ತು. ಬಿರುಕಮ್ಮ ಬೆಳೆದದ್ದೇ ಕಟಿಂಗ್ ಟೇಬಲ್ಲಿನ ಕೆಳಗೆ. ಅಕ್ಷರ ಬರುವ ಮೊದಲೇ ಟೇಪಿನ ಮೇಲಿನ ಅಂಕಿ ಬಂದಿತ್ತು. ಆರನೇ ವಯಸ್ಸಿನಲ್ಲಿ ಒಂದು ತೋಳು ಅಳೆದು ‘ಹದಿನಾಲ್ಕೂ ಚಿಲ್ಲರೆ’ ಎಂದಾಗ ಅಮ್ಮ ಕತ್ತರಿ ಕೆಳಗಿಟ್ಟು, “ಚಿಲ್ಲರೆ ಅನ್ನೋದು ಅಳತೆ ಅಲ್ಲ. ಮತ್ತೆ ನೋಡಿ ಹೇಳು” ಎಂದಿದ್ದರು. ಬಿರುಕಮ್ಮನ ಸಂಶೋಧನೆ ಶುರುವಾದದ್ದು ಆವತ್ತು. ಡಾಕ್ಟರೇಟಿನ ಸಂದರ್ಶನದಲ್ಲಿ ‘ಅಳೆಯುವುದನ್ನು ಎಲ್ಲಿ ಕಲಿತೆ?’ ಎಂದು ಗೈಡ್ ಕೇಳಿದಾಗ ಅವಳು ಕಾಲೇಜಿನ ಹೆಸರು ಹೇಳುವುದು ಬಿಟ್ಟು ಇದನ್ನೇ ಹೇಳಿದ್ದಳು. ಉಳಿದ ಪ್ರಾಧ್ಯಾಪಕರು ಮುಖ ಮುಖ ನೋಡಿಕೊಂಡರು. ಗೈಡ್ ಏನೋ ಗೀಚಿಕೊಂಡರು.

ಬಿದ್ದ ದಿನ ಅಮ್ಮ ಫೋನು ಮಾಡಿ, “ಏನೂ ಆಗಿಲ್ಲ, ನೀನು ಬರಬೇಡ” ಎಂದರು. ಮರುದಿನ, “ಪ್ಲೇಟ್ ಹಾಕಿದ್ದಾರೆ ಅಷ್ಟೇ, ಬರಬೇಡ” ಎಂದರು. ಮೂರನೆಯ ದಿನ, ಎರಡು ಶಾಲೆಯ ಬಟ್ಟೆ ಬಂದು ಬಿದ್ದಿದೆ, ಯಾರನ್ನಾದರೂ ಇಟ್ಟುಕೊಳ್ಳುತ್ತೇನೆ, ಬರಬೇಡ ಎಂದರು. ನಾಲ್ಕನೆಯ ದಿನ ಅದೂ ಇದೂ ಮಾತಾಡಿ, ಕೊನೆಗೆ, “ಕಾಲರ್ ಕೂರಿಸೋದು ನಿನಗೆ ಇನ್ನೂ ಜ್ಞಾಪಕ ಇದೆಯಾ?” ಎಂದು ಕೇಳಿದರು. ಬಿರುಕಮ್ಮ ಫೋನಿಟ್ಟು ಆಫೀಸಿಗೆ ಹೋಗಿ ಅರ್ಜಿ ತಂದಳು. ಆರು ತಿಂಗಳ ರಜೆ ಸಾಕಾಗಿತ್ತು. ನಿಯಮದಲ್ಲಿ ಅರ್ಧ ವರ್ಷದ ರಜೆ ಎಂಬುದೇ ಇರಲಿಲ್ಲ, ತೆಗೆದುಕೊಂಡರೆ ಇಡೀ ವರ್ಷ.

ಅವಳಿಗೆ ನಿಜಕ್ಕೂ ಭಯವಾಗಿತ್ತು. ಕಾಲರಿನದಲ್ಲ. ತಾನು ಹೋದ ಎಂಟನೆಯ ದಿನಕ್ಕೆ ಆ ಮೂರು ವರ್ಷವೂ ಸಾಯುತ್ತದೆ, ಬೀರುವಿನ ಮೇಲೆ ನಾಲ್ಕನೆಯ ಪೆಟ್ಟಿಗೆ ಏರುತ್ತದೆ, ಆಮೇಲೆ ತಾನೂ ಬರುವುದಿಲ್ಲ ಎಂಬ ಭಯ. ಬೆಳಿಗ್ಗೆ ಎಂಟಕ್ಕೆ ಸ್ಟೂಲು ಹತ್ತುವ ಒಬ್ಬರು ಬೇಕಿತ್ತು. ಗೈಡನ್ನು ಕೇಳುವ ಮಾತೇ ಇಲ್ಲ. ಅವರು ಸ್ಟೂಲು ಹತ್ತಿದ್ದನ್ನು ಕಂಡವರೇ ಇರಲಿಲ್ಲ.

ಮೊದಲು ಅಟೆಂಡರ್ ಅಣ್ಣನನ್ನು ಕೇಳಿದಳು. ಆ ಸ್ಟೂಲು ಮಾಡಿಕೊಟ್ಟವನೇ ಅವನು. ಹಳೆಯದು ಅಲುಗಾಡುತ್ತದೆ ಎಂದು ಅವಳು ಒಂದೇ ಸಲ ಹೇಳಿದ್ದಕ್ಕೆ, ಮುರಿದ ಬೆಂಚೊಂದರ ಕಾಲು ಕೊಯ್ದು, ನಾಲ್ಕೂ ಸಮ ಬರುವ ತನಕ ಉಜ್ಜಿ ತಂದಿಟ್ಟಿದ್ದ. ಸುಣ್ಣ ಬಳಿಯುವವರು ಬಂದಾಗ ಬಿರುಕಿನ ಮುಂದೆ ಅರ್ಧ ದಿನ ಜಪ್ಪಯ್ಯ ಅಂದರೂ ಸರಿಯದೆ ನಿಂತಿದ್ದ.

“ಒಂದು ಕಣ್ಣಿಗೆ ಆಪರೇಷನ್ ಆಗಿದೆ ಕಣಮ್ಮ” ಎಂದ ಅವನು. “ಚಿಂತೆ ಮಾಡ್ಬೇಡ, ಆ ಕಣ್ಣಲ್ಲೇ ನೋಡ್ತೀನಿ. ಅದೇ ಹೊಸದು.”

“ಯಾರಿಗೂ ಹೇಳ್ಬೇಡಣ್ಣ. ನಿನ್ನೊಬ್ಬನನ್ನೇ ನಂಬಿರೋದು.”

“ನನ್ನ ಬಾಯಿಗೆ ಬೀಗ” ಎಂದ.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಒಂದು ಅಳತೆಯನ್ನು ನಂಬಬಾರದು ಎಂಬುದು ಆ ವಿಭಾಗದ ಮೊದಲ ಪಾಠ. ಅವಳಿಗೆ ಆ ಕಣ್ಣಿನದೇ ಯೋಚನೆ ಹತ್ತಿತು. ಸಂಜೆ ಹಾಸ್ಟೆಲ್ ರೂಮಿನಲ್ಲಿ ಗೆಳತಿಯನ್ನು ಕೇಳಿದಳು. ಗೆಳತಿ ಮರಳಿನ ಮೇಲೆ ಸಂಶೋಧನೆ ಮಾಡುವವಳು. ಅವಳಿಗೆ ಅಲಾರಂ ಎಂದು ಹೆಸರು ಬಿದ್ದಿತ್ತು. ಅವಳ ಅಲಾರಂ ಹೊಡೆದುಕೊಂಡರೆ ಇಡೀ ಮಹಡಿ ಎದ್ದು ಕೂರುತ್ತಿತ್ತು, ಅವಳೊಬ್ಬಳು ಬಿಟ್ಟು. ಆದರೆ ಬಿರುಕಮ್ಮನಿಗೆ ನಾಲ್ಕು ದಿನ ಜ್ವರ ಬಂದಾಗ ಗೋಡೆ ಅಳೆದು ತಂದವಳೂ ಅವಳೇ. ಆ ನಾಲ್ಕೂ ದಿನ ಮಲಗಿದರೆ ತಾನೇ ಏಳುವ ತಾಪತ್ರಯ ಎಂದು ಕೂತುಕೊಂಡೇ ಬೆಳಗು ಮಾಡಿದ್ದಳು.

“ನಾನು ಏಳ್ತೀನಿ ಕಣೇ” ಎಂದಳು ಅಲಾರಂ.

“ನಿನ್ನೆ ಎಷ್ಟು ಗಂಟೆಗೆ ಎದ್ದೆ?”

“ನಿನ್ನೆ ಭಾನುವಾರ ಅಲ್ವಾ.”

“ನಿನ್ನೆ ಬುಧವಾರ.”

ಅಲಾರಂ ಬೆರಳು ಮಡಚಿ ವಾರ ಎಣಿಸಿದಳು. “ಐದು ಅಲಾರಂ ಇಡ್ತೀನಿ” ಎಂದಳು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಇಟ್ಟಳು.

ಹೀಗೆ ಭರವಸೆ ಸಿಕ್ಕಮೇಲೆ ಬಿರುಕಮ್ಮನಿಗೆ ಇನ್ನೂ ಹೆದರಿಕೆಯಾಗಿ, ಬೆಳಿಗ್ಗೆ ಲೈಬ್ರರಿ ಅಕ್ಕನ ಬಳಿಗೆ ಹೋದಳು. ಲೈಬ್ರರಿ ಅಕ್ಕ ಬಾಗಿಲು ಹಾಕುವ ಹೊತ್ತು ಮೀರಿದರೂ ಅವಳೊಬ್ಬಳಿಗಾಗಿ ಒಂದು ದೀಪ ಉಳಿಸಿ, ‘ನನಗೇನು ಮನೇಲಿ ತೊಟ್ಟಿಲು ತೂಗೋದಿದೆಯಾ’ ಎಂದು ಹೆಣಿಗೆ ಹಿಡಿದು ಕೂರುತ್ತಿದ್ದವರು. ಅವರಿಗೆ ಎತ್ತರವೆಂದರೆ ಆಗದು. ಇಪ್ಪತ್ತು ವರ್ಷದಿಂದ ಲೈಬ್ರರಿಯ ಮೇಲಿನ ಕಪಾಟಿನ ಪುಸ್ತಕಗಳೆಲ್ಲ ‘ಎರವಲು ಹೋಗಿದೆ’.

“ಸ್ಟೂಲ್ ಹತ್ತಿದ್ರೆ ನನಗೆ ತಲೆ ತಿರುಗುತ್ತೆ ಕಣಮ್ಮ. ಇರಲಿ, ಕಣ್ಣು ಮುಚ್ಕೊಂಡು ಹತ್ತಿಬಿಡ್ತೀನಿ.”

“ಕಣ್ಣು ಮುಚ್ಕೊಂಡ್ರೆ ಅಳತೆ ನೋಡೋದು ಹೇಗಕ್ಕ?”

“ಹತ್ತಿದ ಮೇಲೆ ತೆಗೀತೀನಿ” ಎಂದರು ಲೈಬ್ರರಿ ಅಕ್ಕ, ಇಷ್ಟೂ ತಿಳಿಯುವುದಿಲ್ಲವೇ ಎಂಬ ಮುಖ ಮಾಡಿ. “ಅದನ್ನ ಆ ಅಟೆಂಡರ್‌ಗೆ ಮಾತ್ರ ವಹಿಸಬೇಡ. ಅವನಿಗೆ ಕಣ್ಣು ಕಾಣಲ್ಲ.”

“ನೀವೊಬ್ಬರೇ ಅಕ್ಕ” ಎಂದಳು ಬಿರುಕಮ್ಮ.

ಇಷ್ಟೆಲ್ಲ ಆದಮೇಲೆ ಗೈಡ್‌ನ ಸಹಿ. ಅವರು ಅರ್ಜಿ ಓದಿದರು. ಕಾರಣ ಓದಿದರು. ಅವಳು ಎಳೆದ ಗೆರೆಯನ್ನೂ ಓದಿದರು ಎನ್ನಬೇಕು, ಅಷ್ಟು ಹೊತ್ತು ನೋಡಿದರು. ಸಹಿ ಹಾಕಿ, ತಲೆಯೆತ್ತದೆ ಕೊಟ್ಟರು.

“ಬಲಗೈಯಾ?” ಎಂದರು.

“ಹೌದು ಸರ್.”

“ಕತ್ತರಿ ಹಿಡಿಯೋ ಕೈ.”

“ಹೌದು ಸರ್.”

“ಸರಿ.”

ಅಷ್ಟೇ. ಹೋಗಿ ಬಾ ಎನ್ನಲಿಲ್ಲ, ಬಿರುಕಿನ ಗತಿಯೇನು ಎನ್ನಲಿಲ್ಲ. ಅವಳ ಕಣ್ಣು ತಾನಾಗಿ ಬೀರುವಿನ ಮೇಲೆ ಹೋಯಿತು. ಮೂರನೆಯ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದಕ್ಕೆ ಸರಿಯಾದ ಜಾಗವಿತ್ತು. ಇವರು ನನ್ನ ವಿಷಯದಲ್ಲಿ ಕೈ ತೊಳೆದುಕೊಂಡರು ಎಂದುಕೊಂಡಳು. ಕಾರಿಡಾರಿಗೆ ಬಂದು, ನಲ್ಲಿಯ ಹತ್ತಿರ ಮುಖ ತೊಳೆಯುವವಳಂತೆ ನಿಂತು ಅತ್ತಳು.

ಆ ವಿಭಾಗದಲ್ಲಿ ‘ಥ್ಯಾಂಕ್ಸ್’ ಎಂದು ಬಾಯಿಬಿಟ್ಟು ಹೇಳುವ ರೂಢಿಯಿರಲಿಲ್ಲ. ಅದನ್ನೆಲ್ಲ ಪ್ರಬಂಧ ಮುಗಿದ ಮೇಲೆ ಮೊದಲ ಪುಟದಲ್ಲಿ ‘ಕೃತಜ್ಞತೆಗಳು’ ಎಂದು ಅಚ್ಚು ಹಾಕಿಸಿ ತೀರಿಸುತ್ತಿದ್ದರು. ಇವಳಿಗೆ ಪ್ರಬಂಧವೇ ಇರಲಿಲ್ಲ. ಹಾಗೆಂದು ಸುಮ್ಮನೆ ಹೋಗಲು ಮನಸ್ಸು ಬರಲಿಲ್ಲ. ಹೊಟ್ಟೆ ತುಂಬ ಹೇಳುವುದಿತ್ತು. ಕೂತು ಒಂದು ಪುಟ ಬರೆದಳು. ಬೇರೆ ರೀತಿ ಬರೆದು ಅಭ್ಯಾಸವಿಲ್ಲದ್ದರಿಂದ ಪ್ರಬಂಧದ ಪುಟದ ಹಾಗೆಯೇ ಬರೆದಳು: ಮೇಲೆ ಶೀರ್ಷಿಕೆ, ಎಡಕ್ಕೆ ಒಂದೂವರೆ ಅಂಗುಲ ಜಾಗ, ಗೈಡ್, ಅಟೆಂಡರ್ ಅಣ್ಣ, ಗೆಳತಿ, ಲೈಬ್ರರಿ ಅಕ್ಕ, ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ. ಹೊರಡುವ ಬೆಳಿಗ್ಗೆ ಕೊನೆಯ ಸಲ ಗೋಡೆ ಅಳೆದು, ಆ ಪುಟವನ್ನು ಗೈಡ್‌ನ ಮೇಜಿನ ಟ್ರೇಯಲ್ಲಿಟ್ಟು, ಅವರು ಬರುವ ಮೊದಲೇ ಬಸ್ಸು ಹಿಡಿದಳು. ಆ ಟ್ರೇ ಕರಡು ಪ್ರತಿಗಳನ್ನು ತಿದ್ದಲು ಇಡುವ ಟ್ರೇ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮೂರು ವರ್ಷ ಕಾಗದವನ್ನು ಅಲ್ಲೇ ಇಟ್ಟ ಕೈ, ಅಲ್ಲೇ ಇಟ್ಟಿತು.

ಅಂಗಡಿಯಲ್ಲಿ ಅಮ್ಮ ಬಲಗೈಯನ್ನು ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿಟ್ಟುಕೊಂಡು, ಎಡಗೈಯಲ್ಲಿ ಅಪ್ಪಣೆ ಕೊಡುತ್ತ ಕೂತಿದ್ದರು. ನಾನೂರು ಅಂಗಿ, ನಾನೂರು ನಿಕ್ಕರು ಮತ್ತು ಲಂಗ. ಮೊದಲ ದಿನ ಬಿರುಕಮ್ಮ ಒಂದು ತೋಳನ್ನು ಅಳೆದು ಮತ್ತೆ ಅಳೆದು ಮೂರನೆಯ ಸಲ ಅಳೆಯುವುದನ್ನು ಕಂಡು ಅಮ್ಮ, “ಅದು ಗೋಡೆ ಅಲ್ಲ ಕಣೇ, ಮಗು ಹಾಕ್ಕೊಂಡು ಓಡಾಡುತ್ತೆ. ಕಾಲು ಅಂಗುಲ ಹೆಚ್ಚು ಬಿಡು, ಬೆಳೀಲಿ” ಎಂದರು. ಚಿಲ್ಲರೆ ಅಳತೆಯಲ್ಲ ಎಂದಿದ್ದ ಅದೇ ಬಾಯಿ. ಬಿರುಕಮ್ಮ ಕಾಲು ಅಂಗುಲ ಬಿಟ್ಟು ಕತ್ತರಿಸಿದಳು. ಎರಡನೆಯ ದಿನ ಮೂರು ಕಾಲರ್ ತಲೆಕೆಳಗಾಗಿ ಕೂತವು. ಮೂರನೆಯ ದಿನ ಒಂದೇ. ದಿನಾ ಬೆಳಿಗ್ಗೆ ಎಂಟು ಹೊಡೆದಾಗ ಮಾತ್ರ ಅವಳ ಕಾಲು ಹೊಲಿಗೆ ಮೆಷಿನ್ನಿನ ಮೇಲೆ ತಾನೇ ನಿಲ್ಲುತ್ತಿತ್ತು. ಅಮ್ಮ ನೋಡಿಯೂ ನೋಡದಂತೆ ಗುಂಡಿ ಎಣಿಸುತ್ತಿದ್ದರು. ಫೋನು ಮಾಡಿ ವಿಚಾರಿಸಲು ಅವಳಿಗೆ ಧೈರ್ಯವಿರಲಿಲ್ಲ. ಯಾರನ್ನು ವಿಚಾರಿಸಿದರೂ, ಇನ್ನಿಬ್ಬರ ವಿಷಯ ಬಾಯಿಂದ ಜಾರುವ ಅಪಾಯವಿತ್ತು.

ಹತ್ತನೆಯ ದಿನ ದಪ್ಪನೆಯ ಲಕೋಟೆ ಬಂತು. ಏಳು ದಿನ ಆಗಲೇ ಕಳೆದಿತ್ತು. ಅಮ್ಮನೇ ಎಡಗೈಯಲ್ಲಿ ಕತ್ತರಿ ಹಿಡಿದು ಅದನ್ನು ಸೊಟ್ಟಗೆ ಕತ್ತರಿಸಿಕೊಟ್ಟರು.

ಮೇಲೆ ಅಟೆಂಡರ್ ಅಣ್ಣನ ಕಾಗದವಿತ್ತು. ಮಾತಾಡುವ ಹಾಗೆಯೇ ಬರೆದಿದ್ದ.

‘ಅಮ್ಮಾ, ನೀನು ಹೋದ ಮಾರನೇ ದಿನ ಎಂಟಕ್ಕೆ ಸರಿಯಾಗಿ ಅಳೆದೆ. ಆ ಹೊಸ ಕಣ್ಣಲ್ಲಿ ಮತ್ತೆ ಮತ್ತೆ ನೋಡಿ ಬರ್ಕೊಂಡು ಇಳೀತಾ ಇದ್ದೆ, ಎಂಟೂವರೆಗೆ ನಿನ್ನ ಗೆಳತಿ ಕೂದಲು ಕೂಡ ಬಾಚದೆ ಓಡಿ ಬಂದ್ಲು. ಏನಮ್ಮ ಇಷ್ಟು ಬೇಗ ಅಂದೆ. ವಾಕಿಂಗ್ ಅಂದ್ಲು. ನೀವೇನಣ್ಣ ಸ್ಟೂಲ್ ಮೇಲೆ ಅಂದ್ಲು. ಜೇಡರ ಬಲೆ ಅಂದೆ. ನಾನು ಆಚೆ ಹೋದ ಮೇಲೆ ಅವಳೂ ಹತ್ತಿ ಅಳೆದಿದ್ದಾಳೆ, ಆಮೇಲೆ ಗೊತ್ತಾಯ್ತು. ಒಂಬತ್ತಕ್ಕೆ ಲೈಬ್ರರಿ ಮೇಡಮ್ ಕಣ್ಣು ಮುಚ್ಕೊಂಡು ಹತ್ತಿದ್ದಾರೆ. ಹತ್ತಿ ಅಳೆದಿದ್ದಾರೆ. ಇಳಿಯೋಕೆ ಆಗಿಲ್ಲ. ಯಾರನ್ನಾದ್ರೂ ಕರೆದ್ರೆ ಗುಟ್ಟು ರಟ್ಟಾಗುತ್ತೆ ಅಂತ ಒಂದು ಗಂಟೆ ಗೋಡೆ ತಬ್ಕೊಂಡು ನಿಂತಿದ್ರಂತೆ. ಹತ್ತಕ್ಕೆ ನಿನ್ನ ಗೈಡ್ ಸಾಹೇಬ್ರು ಬಂದ್ರು. ಕೈಯಲ್ಲಿ ಅವರದೇ ಹಳೇ ವರ್ನಿಯರ್ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ರಂತೆ. ಇಳೀರಿ, ನಾನು ಹತ್ತಬೇಕು ಅಂದ್ರಂತೆ ಸಾಹೇಬ್ರು.

‘ಆಮೇಲೆ ಎಲ್ಲರನ್ನೂ ರೂಮಿಗೆ ಕರೆದು, ಅವಳು ಯಾರನ್ನ ಕೇಳಿದ್ಲು ಅಂದ್ರು. ಮೂರು ಜನಾನೂ ಕೈ ಎತ್ತಿದ್ವಿ. ಮೂರು ಜನಕ್ಕೂ ನೀನೊಬ್ಬನೇ ನೀನೊಬ್ಬಳೇ ಅಂದಿದ್ದೀಯಾ. ಇರಲಿ, ನಾವು ಹೊಟ್ಟೆಗೆ ಹಾಕ್ಕೊಂಡಿದ್ದೀವಿ. ಸಾಹೇಬ್ರು ವರ್ನಿಯರ್ ಮೇಜಿನ ಮೇಲಿಟ್ಟು, ನನ್ನ ಒಬ್ಬನನ್ನ ಕೇಳಲಿಲ್ಲ ಅಂದ್ರು. ಅಷ್ಟೇ ಅಂದಿದ್ದು. ನಿನ್ನ ಕಾಗದಪತ್ರದ ಪೆಟ್ಟಿಗೇನ ಬೀರು ಮೇಲೆ ಇಡ್ಲಾ ಸಾರ್ ಅಂತ ಕೇಳಿದೆ. ಮೇಜಿನ ಮೇಲೇ ಇರಲಿ ಅಂದ್ರು.’

ಬಿರುಕಮ್ಮ ಕಾಗದ ಮಡಚಿ ಮತ್ತೆ ಬಿಚ್ಚಿದಳು. ನನ್ನ ಒಬ್ಬನನ್ನ ಕೇಳಲಿಲ್ಲ ಎಂಬ ಸಾಲನ್ನು ಮೂರು ಸಲ ಓದಿದಳು. ಅವಳಿಗೆ ನಾಚಿಕೆಯಾಯಿತು, ಆಮೇಲೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಹೋಗಿ ಕುಡಿಯುವ ನೀರಿನ ಬಿಂದಿಗೆಗೆ ಸುಮ್ಮನೆ ಮುಚ್ಚಳ ಹಾಕಿ ಬಂದಳು.

ಮುಂದಿನ ಹಾಳೆಯಲ್ಲಿ ಏಳು ದಿನದ ಅಳತೆ, ನಾಲ್ಕು ಸಾಲು. ಮೊದಲನೆಯ ದಿನ ಎಂಟಕ್ಕೆ 51.42 ಮಿಲಿಮೀಟರ್. ಎಂಟೂವರೆಗೆ 51.42. ಒಂಬತ್ತಕ್ಕೆ 51.40. ಹತ್ತಕ್ಕೆ 51.36. ನಾಲ್ಕನೆಯ ಸಾಲು ಕೆಂಪು ಶಾಯಿಯಲ್ಲಿತ್ತು. ಒಂದು ದಿನವೂ ತಪ್ಪಿರಲಿಲ್ಲ. ಕೆಳಗೆ ಅದೇ ಕೆಂಪು ಶಾಯಿಯಲ್ಲಿ: ‘ಯಾರದೂ ತಪ್ಪಲ್ಲ. ಬಿಸಿಲೇರಿದಂತೆ ಗೋಡೆ ಹಿಗ್ಗುತ್ತದೆ, ಬಿರುಕು ಮುಚ್ಚುತ್ತದೆ. ಒಂದೇ ಹೊತ್ತಿಗೆ ಅಳೆದ ನಿನ್ನ ಮೂರು ವರ್ಷದಲ್ಲಿ ಇದು ಕಾಣುವಂತಿರಲಿಲ್ಲ. ನಾಲ್ವರೂ ಮುಂದುವರಿಯಲಿ ಎಂದು ಹೇಳಿದ್ದೇನೆ. ಲೈಬ್ರರಿಯವರಿಗೆ ಸ್ಟೂಲಿಗೊಂದು ಹಿಡಿ ಹಾಕಿಸಿದೆ.’

ಲಕೋಟೆಯ ತಳದಲ್ಲಿ ಅವಳ ಕೃತಜ್ಞತೆಗಳ ಪುಟವಿತ್ತು. ಗೈಡ್ ಆ ಟ್ರೇಯಲ್ಲಿ ಸಿಕ್ಕಿದ್ದನ್ನೆಲ್ಲ ಮಾಡುವುದನ್ನೇ ಇದಕ್ಕೂ ಮಾಡಿದ್ದರು. ಪುಟ ಕೆಂಪಾಗಿತ್ತು.

‘ನನ್ನ ಗುರುಗಳು ಸದಾ ಪ್ರೋತ್ಸಾಹ ನೀಡಿದರು’ ಎಂದು ಅವಳು ಬರೆದಲ್ಲಿ: ‘ಸದಾ ಎಂದರೆ? ಮೊದಲ ವರ್ಷ ನಿನ್ನ ಕರಡನ್ನು ಎರಡು ಸಲ ಕಸದ ಬುಟ್ಟಿಗೆ ಹಾಕಿದ್ದೇನೆ. ಅದನ್ನು ಬಿಟ್ಟಿದ್ದೀಯ. ಅನುಕೂಲವಾದದ್ದನ್ನಷ್ಟೇ ಆರಿಸಿಕೊಳ್ಳಬಾರದು.’

‘ಅಟೆಂಡರ್ ಅಣ್ಣನ ಉಪಕಾರ ಅಳತೆಗೆ ಸಿಗದು’ ಎಂದಲ್ಲಿ: ‘ಅಳೆಯಲು ಪ್ರಯತ್ನಿಸಿದೆಯಾ?’

‘ಈ ಗೆಳತಿ ಇಲ್ಲದಿದ್ದರೆ ನಾನು ಮೊದಲ ವರ್ಷವೇ ಓಡಿಹೋಗುತ್ತಿದ್ದೆ’ ಎಂದಲ್ಲಿ: ‘ಪರೀಕ್ಷಿಸಲು ಸಾಧ್ಯವಿಲ್ಲ. ಆದರೂ ಒಪ್ಪಬಹುದು.’

‘ಲೈಬ್ರರಿ ಅಕ್ಕ ನನಗಾಗಿ ಅನೇಕ ಸಂಜೆ ದೀಪ ಆರಿಸದೆ ಕಾದರು’ ಎಂದಲ್ಲಿ: ‘ಅನೇಕ ಬೇಡ. ಅವರ ಬಳಿ ರಿಜಿಸ್ಟರ್ ಇದೆ, ನೋಡಿದೆ. ಇನ್ನೂರ ಹನ್ನೆರಡು.’

ಲೈಬ್ರರಿ ಅಕ್ಕನ ಪ್ಯಾರಾ ಮುಗಿದ ಕಡೆ ಒಂದು ದೊಡ್ಡ ಬಾಣದ ಗುರುತು. ‘ತಾಯಿ ಎಲ್ಲಿ? ಅಳೆಯುವುದನ್ನು ಕಲಿಸಿದವರು ಅವರು ಎಂದು ಸಂದರ್ಶನದ ದಿನ ಹೇಳಿದ್ದೆ. ನನ್ನ ಬಳಿ ಬರೆದಿಟ್ಟದ್ದಿದೆ. ಮೂಲವನ್ನೇ ಉಲ್ಲೇಖಿಸಿಲ್ಲ. ಇದು ಗಂಭೀರ ತಪ್ಪು.’

ಅಮ್ಮ ಪಕ್ಕದಲ್ಲೇ ಕತ್ತು ಚಾಚಿ, ತುಟಿ ಅಲುಗಾಡಿಸುತ್ತ ಓದುತ್ತಿದ್ದರು.

“ಯಾರೇ ಇವರು, ನನ್ನ ವಿಚಾರಿಸ್ತಿರೋರು?”

“ನಮ್ಮ ಗೈಡ್ ಅಮ್ಮ.”

ಅಮ್ಮ ಇನ್ನೊಂದು ಸಲ ಓದಿದರು. ಜೋಳಿಗೆಯಲ್ಲಿದ್ದ ಕೈಯನ್ನು ಸ್ವಲ್ಪ ಸರಿಮಾಡಿಕೊಂಡರು. ಕಣ್ಣು ಒದ್ದೆಯಾಗಿತ್ತು, ಅದನ್ನು ಒರೆಸಿಕೊಳ್ಳಲು ಎಡಗೈ ಅಭ್ಯಾಸವಿಲ್ಲದೆ ತಡವರಿಸಿತು.

“ಒಳ್ಳೆ ಟೈಲರ್ ಆಗ್ತಿದ್ರು” ಎಂದರು.

ಪುಟದ ಕೊನೆಯಲ್ಲಿ ಅವಳು ಒಂದು ಸಾಲು ಬರೆದಿದ್ದಳು: ‘ಎಲ್ಲವೂ ಕೂಡಿಬಂದರೆ, ಮುಂದೆ ಎಂದಾದರೂ ಮರಳಿ ಬರುವ ಆಸೆಯಿದೆ.’ ಗೈಡ್ ‘ಎಲ್ಲವೂ ಕೂಡಿಬಂದರೆ’ ಎಂಬುದನ್ನು ಹೊಡೆದುಹಾಕಿದ್ದರು. ‘ಮುಂದೆ ಎಂದಾದರೂ’ ಎಂಬುದನ್ನು ಹೊಡೆದುಹಾಕಿದ್ದರು. ‘ಆಸೆಯಿದೆ’ ಎಂಬುದನ್ನೂ ಹೊಡೆದಿದ್ದರು. ಉಳಿದದ್ದು ‘ಮರಳಿ ಬರುವ’ ಎಂಬ ಎರಡು ಪದ, ಅದರ ಮುಂದೆ ಒಂದು ಖಾಲಿ ಗೆರೆ. ಗೆರೆಯ ಕೆಳಗೆ: ‘ದಿನಾಂಕ ಬರೆ. ತಿದ್ದಿ ಕಳಿಸು.’

ಅಂಗಡಿಯಲ್ಲಿ ಪೆನ್ನು ಸಿಗಲಿಲ್ಲ. ಅಮ್ಮ ಬಟ್ಟೆಯ ರಾಶಿಯ ಅಡಿಯಿಂದ ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ ತೆಗೆದು, ಎಡಗೈಯಲ್ಲಿ ಚಾಚಿದರು. ಬಿರುಕಮ್ಮ ಕಟಿಂಗ್ ಟೇಬಲ್ಲಿನ ಮೇಲೆ ಪುಟವನ್ನು ಹರಡಿ, ಬಾಣದ ಗುರುತಿನ ಬಳಿ ಮೊದಲು ಅಮ್ಮನ ಹೆಸರು ಬರೆದಳು. ಆಮೇಲೆ ಕೆಳಗಿನ ಖಾಲಿ ಗೆರೆಯ ಮೇಲೆ ಮುಂದಿನ ವರ್ಷದ ದಿನಾಂಕ ಬರೆದಳು. ಗೈಡ್ ಕೇಳಿರದಿದ್ದರೂ ವೇಳೆಯನ್ನೂ ಬರೆದಳು: ಬೆಳಿಗ್ಗೆ ಎಂಟು.